ಸರ್ಕ್ಯುಲರ್ ಬುಕ್ಕು, ಹದಿನಾಲ್ಕು ಸಹಿ

ಮಾರ್ಚ್ ತಿಂಗಳಾಗ ಬೇವಿನ ಗಿಡಕ್ಕ ಚಿಗುರು ಬರ್ತಾವ, ನಮ್ಮ ಆರ್ಟ್ಸ್ ಫ್ಯಾಕಲ್ಟಿಗೆ ಸರ್ಕ್ಯುಲರ್ ಬರ್ತಾವ. ಚಿಗುರು ಹದಿನೈದು ದಿನಕ್ಕ ನಿಲ್ತಾವ, ಸರ್ಕ್ಯುಲರ್ ನಿಲ್ಲಂಗಿಲ್ಲ. ಮಾರ್ಕ್ಸ್ ಕೊಡ್ರಿ, ಲೈಬ್ರರಿ ಪುಸ್ತಕ ತಿರುಗಿ ಕೊಡ್ರಿ, ಕೀಲಿಕೈ ಆಫೀಸಿಗೆ ಒಪ್ಪಸ್ರಿ, ಕ್ಯಾಂಪಸ್ಸಿನ ಮಾವಿನಕಾಯಿ ಹರೀಬ್ಯಾಡ್ರಿ. ಒಂದು ಸರ್ಕ್ಯುಲರಿನ ಹಿಂದ ಒಂದು ಫಜೀತಿ ಇದ್ದೇ ಇರ್ತೈತಿ. ಒಂದು ವರ್ಷ ಮಾತ್ರ ಫಜೀತಿ ನಮ್ಮ ಬುಡಕ್ಕೇ ಬಂತು. ಅದನ್ನ ಹೇಳ್ತೀನಿ.

ಹೈದರಾಬಾದಿನ ಒಂದು ಯೂನಿವರ್ಸಿಟಿಯೊಳಗ ನಾ ಇಪ್ಪತ್ತೆರಡು ವರ್ಷದಿಂದ ಕನ್ನಡ ಹೇಳಿಕೊಡಾಕತ್ತೀನಿ. ವಿಭಾಗದ ಮುಖ್ಯಸ್ಥೆನೂ ನಾನ. ವಿಭಾಗ ಅಂದ್ರ ಏನು ಭಾಳ ದೊಡ್ಡದಲ್ಲ. ನಾನು, ಮಂಗಳೂರು ಕಡೆಯಿಂದ ಬಂದ ಒಬ್ಬಾಕಿ ಹೊಸ ಲೆಕ್ಚರರ್, ಹನ್ನೊಂದು ಮಂದಿ ಹುಡುಗ್ರು, ಎರಡನೇ ಅಂತಸ್ತಿನ ಮೂಲ್ಯಾಗ ಒಂದು ರೂಮು. ಅದ ಕ್ಲಾಸು, ಅದ ಸ್ಟಾಫ್ ರೂಮು, ಅದ ಲೈಬ್ರರಿ. ಮಧ್ಯಾಹ್ನ ಡಬ್ಬಿ ಬಿಚ್ಚಿದ್ರ ಅದ ಖಾನಾವಳಿ.

ಸರ್ಕ್ಯುಲರ್ ತಿರಗೋ ಪದ್ಧತಿ ಮೊದಲ ತಿಳ್ಕೋರಿ. ಡೀನ್ ಆಫೀಸಿನ್ಯಾಗ ಒಂದು ಉದ್ದನ್ನ ರಿಜಿಸ್ಟರ್ ಐತಿ. ಅದಕ್ಕ ಸರ್ಕ್ಯುಲರ್ ಬುಕ್ಕು ಅಂತಾರ. ಅದರಾಗ ಹಾಳಿ ಅಂಟಿಸಿ, ಅಟೆಂಡರ್ ಚಾಚಾ ಹದಿನಾಲ್ಕೂ ವಿಭಾಗಕ್ಕ ಹೊತ್ಕೊಂಡು ತಿರಗ್ತಾರ. ಪ್ರತಿಯೊಬ್ಬ ಮುಖ್ಯಸ್ಥ 'ನೋಟೆಡ್' ಅಂತ ಬರದು ಸಹಿ ಮಾಡಬೇಕು. ಎಲ್ಲಾರಿಗಿಂತ ಕಡೀಕ ನಮ್ಮ ವಿಭಾಗ, ಅಲ್ಲಿಂದ ಬುಕ್ಕು ನೇರ ಡೀನ್ ಸಾಹೇಬ್ರ ಟೇಬಲ್ಲಿಗೆ. ಅವ್ರು ಹಸಿರು ಮಸಿಯಿಂದ 'ಸೀನ್, ಅಪ್ರೂವ್ಡ್' ಅಂತ ಹಾಕಿ ಮುಗಸ್ತಾರ. ಈ ಪದ್ಧತಿಯೊಳಗ ಎಲ್ಲಾ ಐತಿ, ಓದೋದು ಒಂದು ಇಲ್ಲ. ಒಮ್ಮೆ ನಾ ಓದಾಕ ಚಷ್ಮಾ ತಗದ್ರ ಚಾಚಾಗ ಸಿಟ್ಟೇ ಬಂತು. "ಪಢ್ ಕೆ ಕ್ಯಾ ಕರ್ತೇ ಮೇಡಂ? ದಸ್ತಖತ್ ಮಾರೋ!" ಅಂದ್ರು. ಓದಿ ಏನು ಮಾಡ್ತೀರಿ, ಸಹಿ ಒಗೀರಿ ಅಂತ. ಮೂವತ್ತು ವರ್ಷ ಬುಕ್ಕು ಹೊತ್ತ ಮನಷ್ಯಾ, ಅವರ ಮಾತು ಮೀರೋದು ಹ್ಯಾಂಗ? ಒಗದೆ.

೧. ಮಾದರಿ ವಿಭಾಗ

ಆ ವರ್ಷ ಮೊದಲನೇ ರಿಮೈಂಡರ್ ಫ್ಯಾನಿನದು. 'ರೂಮು ಬಿಟ್ಟು ಹೋಗುವಾಗ ಫ್ಯಾನ್ ತಪ್ಪದೆ ಬಂದ್ ಮಾಡತಕ್ಕದ್ದು.' ಫ್ಯಾನ್ ಅನ್ನೋ ಅಕ್ಷರ ದಪ್ಪಗ ಇತ್ತಂತ ಕಣ್ಣಿಗೆ ಬಿತ್ತು, ನನ್ನ ಮೈ ಉರೀತು. ನಮ್ಮ ರೂಮಿನ ಫ್ಯಾನ್ ಕೆಟ್ಟು ಎರಡು ವರ್ಷ ಆಗಿತ್ತು. ನಾಲ್ಕು ಅರ್ಜಿ ಕೊಟ್ಟಿದ್ದೆ, ನಾಲ್ಕಕ್ಕೂ ಉತ್ತರ ಇಲ್ಲ. ಸಹಿ ಬಾಜೂಕ ಬರದೆ: 'ನಮ್ಮ ಫ್ಯಾನ್ ಎರಡು ವರ್ಷದಿಂದ ಬಂದ್ ಇದೆ. ಇದಕ್ಕಿಂತ ಹೆಚ್ಚು ಬಂದ್ ಮಾಡುವ ಬಗೆ ತಿಳಿಸಿದರೆ ಉಪಕಾರವಾದೀತು.'

ವಾರಕ್ಕ ಚಾಚಾ ಒಂದು ದೊಡ್ಡ ಲಕೋಟೆ ತಂದ್ರು. ನನ್ನ ಮ್ಯಾಲ ಮೆಮೋ ಬಂತಂತ ಹೊಸ ಲೆಕ್ಚರರ್ ಅಂಜಿದ್ಲು. ಬಿಚ್ಚಿದ್ರ ಪ್ರಶಸ್ತಿ ಪತ್ರ! ವಿದ್ಯುತ್ ಉಳಿತಾಯದೊಳಗ ಕನ್ನಡ ವಿಭಾಗ ಇಡೀ ಫ್ಯಾಕಲ್ಟಿಗೇ ಮಾದರಿಯಂತ, ಉಳಿದವ್ರು ನಮ್ಮನ್ನ ನೋಡಿ ಕಲೀಬೇಕಂತ.

"ಎಂತ ಮೇಡಂ ಇದು, ಸೆಕೆಯಲ್ಲಿ ಬೆಂದದ್ದಕ್ಕೆ ಬಹುಮಾನವಾ?" ಅಂದ್ಲು ಅಕಿ.

"ಸುಮ್ನ ಇರವಾ, ಹಾಳಿ ದಪ್ಪ ಐತಿ" ಅಂದೆ. ಇಡೀ ಏಪ್ರಿಲ್ ತಿಂಗಳು ಪಾಳಿ ಮ್ಯಾಲ ಅದರ್ಲೇನ ಗಾಳಿ ಹಾಕ್ಕೊಂಡ್ವಿ.

೨. ಹನ್ನೊಂದು ಮಂದಿ

ಉಗಾದಿ ಮುಗಿದ ಮರುದಿನ ಬುಕ್ಕು ಬಂತು. ನಾ ಸಹಿ ಮಾಡಾಕ ಪೆನ್ ತಗದಿದ್ದೆ, ಅಷ್ಟರಾಗ ಹೊಸ ಲೆಕ್ಚರರ್ ಬಗ್ಗಿ ನೋಡಿ "ಅಯ್ಯೋ!" ಅಂದ್ಲು. ಅಕಿ ಹೊಸಬಾಕಿ, ಓದೋ ಚಟ ಇನ್ನೂ ಬಿಟ್ಟಿದ್ದಿಲ್ಲ. 'ಟರ್ಮ್ ಮುಗಿಯುವ ದಿನ ಕನ್ನಡ ವಿಭಾಗವು ತನ್ನ ರೂಮನ್ನು ಖಾಲಿ ಮಾಡಿ ಕೊಡತಕ್ಕದ್ದು. ಅಲ್ಲಿ ಗಣ್ಯ ಅತಿಥಿಗಳ ಲಾಂಜ್ ಆಗಲಿದೆ.'

ರೂಮು ಹೋದ್ರ ಏನಾತು ಅಂತೀರೇನು? ನಮ್ಮಲ್ಲಿ ಮೊದಲ ರೂಮು ಹೋಗ್ತೈತಿ, ಆಮ್ಯಾಲ ಬೋರ್ಡು, ಆಮ್ಯಾಲ ವಿಭಾಗ. ನಮ್ಮ ಎದುರಿನ ರೂಮಿನ್ಯಾಗ ಇನ್ನೊಂದು ಭಾಷಾ ವಿಭಾಗ ಇತ್ತು. ಹಿಂಗ ಒಂದು ಸರ್ಕ್ಯುಲರಿನಿಂದ ಶುರುವಾಗಿ ಮೂರು ವರ್ಷದಾಗ ಅಳಸಿ ಹೋತು. ಈಗ ಅಲ್ಲಿ ಜೆರಾಕ್ಸ್ ಮಷೀನ್ ಐತಿ. ನಾ ಕಣ್ಣಾರೆ ಕಂಡೀನಿ. ನಾ ಇರೋ ತನಕ ನಮ್ಮ ಕಥಿ ಹಂಗ ಆಗಬಾರದು ಅಂತ ಸೆರಗು ಬಿಗದು ಡೀನ್ ಚೇಂಬರಿಗೆ ಹೋದೆ.

ಡೀನ್ ಸಾಹೇಬ್ರು ಕೆಟ್ಟ ಮನಷ್ಯಾ ಅಲ್ಲ. ಸಮಾಧಾನದ ತೆಲುಗಿನ್ಯಾಗ ಕೇಳಿದ್ರು, "ಮೇಡಂ, ನಿಮ್ಮಲ್ಲಿ ಹುಡುಗ್ರು ಎಷ್ಟು ಮಂದಿ?"

"ಹನ್ನೊಂದು, ಸಾರ್."

"ಹನ್ನೊಂದು ಮಂದಿಗೆ ಇಡೀ ಒಂದು ರೂಮು ಯಾಕ?"

"ಸಾರ್, ಕ್ರಿಕೆಟ್ ಟೀಮಿನ್ಯಾಗೂ ಹನ್ನೊಂದ ಮಂದಿ. ಅವರಿಗೆ ಇಡೀ ಮೈದಾನ ಕೊಟ್ಟೀರಿ."

ಗೆದ್ದೆ ಅಂದ್ಕೊಂಡೆ. ಅವ್ರು ಬುಕ್ಕು ಎಳಕೊಂಡು ಹಾಳಿ ಹಿಂದಕ ತಿರುವಿ, ಫೆಬ್ರವರಿದು ಒಂದು ಸರ್ಕ್ಯುಲರ್ ತೋರಿಸಿದ್ರು. 'ಲಾಂಜ್‌ಗೆ ಕನ್ನಡ ವಿಭಾಗದ ರೂಮನ್ನು ಗುರುತಿಸಲಾಗಿದೆ. ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ತಿಳಿಸುವುದು.' ಅದರ ಕೆಳಗ ದುಂಡನ್ನ ಅಕ್ಷರದಾಗ 'ನೋಟೆಡ್', ಅದರ ಕೆಳಗ ನನ್ನದ ಸಹಿ.

ಮನೀಗೆ ಬಂದು ನಮ್ಮ ಮನಿಯವ್ರ ಮುಂದ ಹೇಳಿದೆ. ಅವರದು ಬೇಗಂ ಬಜಾರಿನ್ಯಾಗ ಸ್ಟೀಲ್ ಪಾತ್ರೆ ಅಂಗಡಿ. "ನಾವು ಒಂದು ಡಜನ್ ಚಮಚಾ ಬಂದ್ರೂ ಚೀಟಿ ಓದಿ ಸಹಿ ಮಾಡ್ತೀವಿ" ಅಂದ್ರು. "ನೀ ಪಿಎಚ್.ಡಿ. ಮಾಡಿದಾಕಿ. ಓದೋದು ಅಲ್ಲಿಗೇ ಮುಗೀತು ಅಂತ ತಿಳ್ಕೊಂಡೀಯೇನು?"

ನಾ ರೊಟ್ಟಿ ಬಡಿಯಾಕತ್ತಿದ್ದೆ. ಅವತ್ತಿನ ರೊಟ್ಟಿ ಭಾಳ ತೆಳ್ಳಗ ಆದ್ವು.

೩. ಟೇಪ್ ಹಿಡಕೊಂಡು ಬಂದವ್ರು

ನಾಕ ದಿನಕ್ಕ ಬಿಲ್ಡಿಂಗ್ ವಿಭಾಗದಿಂದ ಒಬ್ರು ದೊಡ್ಡ ಮೀಸೆಯ ಮೇಸ್ತ್ರಿ ಬಂದ್ರು. ಸೋಫಾ ಹಾಕಾಕ ರೂಮು ಅಳೀಬೇಕಂತ. ನಮ್ಮಲ್ಲಿ ಆಗ ಹುಡುಗ್ರ ಬಾಯಿಪರೀಕ್ಷೆ ನಡದಿತ್ತು. ಪರೀಕ್ಷೆ ನಡದಾಗ ಹೊರಗಿನವ್ರು ಒಳಗ ಬರಬಾರದು, ಇದು ಡೀನ್ ಆಫೀಸಿನದ ನಿಯಮ. "ನಾಳೆ ಬರ್ರಿ" ಅಂದೆ. ಮರುದಿನ ಬಂದ್ರು, ಆಗೂ ಪರೀಕ್ಷೆ. ಮೂರನೇ ದಿನ ಬಂದ್ರು, ಆಗೂ ಪರೀಕ್ಷೆ. ಹನ್ನೊಂದು ಮಂದಿದು ಒಂದು ತಾಸಿನ್ಯಾಗ ಮುಗಿಯೋದು, ಆದ್ರ ಒಬ್ಬೊಬ್ಬರನ್ನ ಎರಡೆರಡು ತಾಸು ಕೂಡಿಸಿದ್ವಿ. ಹುಡುಗ್ರಿಗೆ ಬೆವರು ಬಿಟ್ಟಿದ್ದು ಖರೆ, ಆದ್ರ ವಿಭಾಗ ಉಳಿಬೇಕಲ್ಲ.

ನಾಲ್ಕನೇ ದಿನ ಮೇಸ್ತ್ರಿ ಹೊರಗ ನಿಂದ್ರಲಿಲ್ಲ, ಒಳಗ ಬಂದು ಹಿಂದಿನ ಬೆಂಚಿನ ಮ್ಯಾಲ ಕೂತ್ರು. ಹೊಸ ಲೆಕ್ಚರರ್ ಒಬ್ಬ ಹುಡುಗಗ, "ಬೀಸುವಾಗ ಹಾಡುವ ಒಂದು ಜನಪದ ಪದ ಹೇಳು" ಅಂತ ಕೇಳಿದ್ಲು. ಅವ ತಲಿ ಎತ್ತಿ ಮಾಳಗಿ ನೋಡ್ಕೋತ ಕೂತ. ಹಿಂದಿನಿಂದ ದನಿ ಬಂತು. ಮೇಸ್ತ್ರಿ ಹಾಡಾಕತ್ತಿದ್ರು, ಕಣ್ಣು ಮುಚ್ಚಿ, ಟೇಪ್ ತೊಡೀ ಮ್ಯಾಲ ಇಟ್ಕೊಂಡು. ಒಂದಲ್ಲ, ಮೂರು ಪದ ಹೇಳಿದ್ರು!

"ಯಾವೂರ್ರಿ ನಿಮ್ಮದು?" ಅಂದೆ.

"ನಾರಾಯಣಪೇಟ ಕಡೆಯವ್ರಿ ಅಕ್ಕಾರ. ಮನ್ಯಾಗ ಎಲ್ಲಾ ಕನ್ನಡಾನ. ನಮ್ಮಜ್ಜಿ ಬೀಸೋ ಮುಂದ ಹಾಡ್ತಿದ್ಲು."

ರೂಮು ಅಳೀಲಾರದ ಹೊಂಟ್ರು. ಬಾಗಲದಾಗ ನಿಂತು ತಿರುಗಿ ನೋಡಿ ಕೇಳಿದ್ರು, "ಅಕ್ಕಾರ, ನಾನೂ ಪರೀಕ್ಷೆ ಕೊಟ್ಟಂಗ ಆತಲ್ರಿ, ಪಾಸೋ ಫೇಲೋ?" ಇಡೀ ವರ್ಗದಾಗ ಫಸ್ಟ್ ಕ್ಲಾಸ್ ಬಂದವ್ರು ಅವರೊಬ್ರ.

೪. ನನ್ನ ಸರ್ಕ್ಯುಲರ್

ಮೇಸ್ತ್ರಿ ಹೋದ್ರ ಇನ್ನೊಬ್ರು ಬರ್ತಾರ. ಪರೀಕ್ಷೆ ಎಷ್ಟು ದಿನ ಎಳೀಲಿಕ್ಕೆ ಬರ್ತೈತಿ? ಯೋಚನೆ ಮಾಡಿದೆ. ನನ್ನನ್ನ ಕೆಡವಿದ್ದು ಬುಕ್ಕು, ಎಬ್ಬಸೋದೂ ಅದ ಆಗಬೇಕು. ಯಾವ ಮುಖ್ಯಸ್ಥ ಬೇಕಾದ್ರೂ ಆ ಬುಕ್ಕಿನ್ಯಾಗ ತನ್ನ ಹೆಸರಿಲೆ ಸೂಚನೆ ತಿರುಗಿಸಬಹುದು, ಅದಕ್ಕ ನಿಯಮ ಐತಿ. ಒಂದು ಹಾಳಿ ಟೈಪ್ ಮಾಡಿದೆ. ತಲಿ ಮ್ಯಾಲ 'ಟರ್ಮ್ ಅಂತ್ಯದ ಸುದ್ದಿ ಮತ್ತು ನೆನಪೋಲೆ'. ಒಟ್ಟು ಒಂಬತ್ತು ಅಂಶ. ಉತ್ತರ ಪತ್ರಿಕೆ ಕಟ್ಟೋದು ಹ್ಯಾಂಗ, ಕಿಟಕಿ ಮುಚ್ಚೋದು ಯಾಕ, ಇಂಥಾವೆಲ್ಲ. ಆರನೇದು: 'ಕನ್ನಡ ವಿಭಾಗದ ರೂಮು ಕನ್ನಡ ವಿಭಾಗಕ್ಕೇ ಉಳಿಯುತ್ತದೆ. ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ತಿಳಿಸುವುದು.' ಸಣ್ಣ ಅಕ್ಷರದಾಗ ಬರದಿದ್ದಿಲ್ಲ ನೋಡ್ರಿ. ಮೋಸ ನನಗ ಆಗಂಗಿಲ್ಲ. ಎಲ್ಲಾ ಒಂದ ಅಳತಿ, ನನ್ನ ಹೆಸರು, ನನ್ನ ಸಹಿ.

ಚಾಚಾ ತಿರಗಾಡಿಸಿ ತಂದ್ರು. ಹದಿಮೂರು 'ನೋಟೆಡ್', ಕಡೀಕ ಹಸಿರು ಮಸಿ, 'ಸೀನ್, ಅಪ್ರೂವ್ಡ್'. ಏಳು ದಿನ ಕಾದೆ. ಒಬ್ರೂ ತುಟಿ ಬಿಚ್ಚಲಿಲ್ಲ.

ಟರ್ಮಿನ ಕಡೀ ಮೀಟಿಂಗಿನ್ಯಾಗ ಡೀನ್ ಸಾಹೇಬ್ರು ಲಾಂಜಿನ ವಿಷಯ ತಗದ್ರು. ನಾ ಎದ್ದು ನಿಂತು ಆರನೇ ಅಂಶ ಓದಿದೆ.

"ಇದಕ್ಕ ಒಪ್ಪಿಗೆ ಕೊಟ್ಟವ್ರು ಯಾರು?" ಅಂತ ಸಿಟ್ಟಿಗೆದ್ರು.

"ನೀವ, ಸಾರ್."

"ನಾ ಅದನ್ನ ಓದೇ ಇಲ್ಲ!"

"ಸಾರ್" ಅಂದೆ, "ಓದಲಾರದ ಹಾಕಿದ ಸಹಿ ನಡೀತೈತಿ ಅಂದ್ರ, ನೀವು ಸಹಿ ಮಾಡೀರಿ, ರೂಮು ನಮ್ಮದು. ನಡಿಯಂಗಿಲ್ಲ ಅಂದ್ರ, ಫೆಬ್ರವರಿದು ನನ್ನ ಸಹಿನೂ ನಡಿಯಂಗಿಲ್ಲ, ಆಗೂ ರೂಮು ನಮ್ಮದ. ಎರಡರಾಗ ಯಾವುದು ಬೇಕು ನೀವ ಆರಿಸ್ಕೋರಿ."

ಸಾಹೇಬ್ರು ಮೂರನೇದು ಆರಿಸ್ಕೊಂಡ್ರು. ಮೀಟಿಂಗ್ ಮುಂದೂಡಿ ಚಹಾಕ್ಕ ಎದ್ರು.

೫. ಕಡೀ ಸರ್ಕ್ಯುಲರ್

ಎರಡು ದಿನ ಬಿಟ್ಟು ಚಾಚಾ ಮತ್ತ ಬುಕ್ಕು ತಂದ್ರು. ಬೆಂಕಿ ಅನಾಹುತ ತಡೆಯುವ ಕುರಿತು ಎರಡು ಪುಟದ ಸೂಚನೆ. ಹದಿಮೂರು ಸಹಿ ಆಗಲೇ ಬಿದ್ದಿದ್ವು. "ಮಾರೋ ಮೇಡಂ" ಅಂದ್ರು.

ಅಷ್ಟು ಆದಮ್ಯಾಲ ನಾ ಓದಲಾರದ ಸಹಿ ಮಾಡ್ತೀನೇನು? ಚಷ್ಮಾ ಹಾಕ್ಕೊಂಡು ಒಂದೊಂದ ಸಾಲು ಓದಿದೆ. ಮರಳಿನ ಬಕೇಟ್ ಎಲ್ಲಿಡಬೇಕು, ಓಡಬೇಕಾದ್ರ ಯಾವ ಮೆಟ್ಟಲಾ ಇಳೀಬೇಕು, ಎಲ್ಲಾ. ಎರಡನೇ ಪುಟದ ಕೊನೀ ಸಾಲಿಗೆ ಬಂದಾಗ ಪೆನ್ ಕೆಳಗಿಟ್ಟೆ. 'ಇದನ್ನು ಓದಿದ ಮುಖ್ಯಸ್ಥರು ಸಹಿ ಮಾಡದೆ ಕೂಡಲೇ ನನ್ನ ಚೇಂಬರಿಗೆ ಬರತಕ್ಕದ್ದು. ಲಾಂಜ್‌ಗೆ ರೂಮು ಬಿಟ್ಟುಕೊಡಲು ಒಪ್ಪಿರುವವರು ಮಾತ್ರ ಕೆಳಗೆ ಸಹಿ ಮಾಡುವುದು.'

ಇದು ನನಗಂತನ ಒಡ್ಡಿದ ಬಲೆ! ಒಂದು ಸಲ ಓದಲಾರದ ಸಹಿ ಮಾಡಿದಾಕಿ ಇನ್ನೊಂದು ಸಲನೂ ಮಾಡ್ತಾಳ ಅಂತ ಸಾಹೇಬ್ರ ಲೆಕ್ಕಾಚಾರ. "ಚಾಚಾ, ಇವತ್ತ ಸಹಿ ಮಾಡಂಗಿಲ್ಲ. ಬುಕ್ಕು ಒಯ್ರಿ" ಅಂದೆ. ಚಾಚಾ ನನ್ನ ತಲಿ ಕೆಟ್ಟೈತಿ ಅನ್ನೋಹಂಗ ನೋಡಿ, ಬುಕ್ಕು ಬಗಲಾಗ ಇಟ್ಕೊಂಡು ನಡದ್ರು. ನಾನೂ ಸೀರಿ ನಿರಿಗಿ ಸರಿ ಮಾಡ್ಕೊಂಡು ಹಿಂದಿಂದ ಹೋದೆ.

ನಾ ಚೇಂಬರಿನ ಬಾಗಲದಾಗ ಕಾಲಿಟ್ಟಾಗ ಸಾಹೇಬ್ರು ಫೋನಿನ್ಯಾಗ ಜೋರು ಮಾತಾಡಾಕತ್ತಿದ್ರು. ಚಾಚಾ ಬುಕ್ಕು ತಗದು ಮುಂದ ಹಿಡದ್ರು, ಸಾಹೇಬ್ರು ಮಾತಾಡ್ಕೋತ ಪೆನ್ ಆಡಿಸಿದ್ರು. ಫೋನ್ ಇಟ್ಟ ಮ್ಯಾಲ ನನ್ನ ನೋಡಿದ್ರು.

"ಸಾರ್, ಓದೀನಿ. ಅದಕ್ಕ ಬಂದೀನಿ. ಸಹಿ ಮಾಡಿಲ್ಲ" ಅಂದೆ.

ಅವರಿಗೆ ನಂಬಿಕಿ ಬರಲಿಲ್ಲ. ಬುಕ್ಕು ಎಳಕೊಂಡು ಬೆರಳಿಟ್ಟು ಎಣಿಸಿದ್ರು. ಒಂದು, ಎರಡು, ಮೂರು... ಹದಿಮೂರು... ಹದಿನಾಲ್ಕು! ಮುಖ ಅರಳಿತು. "ಸುಳ್ಳು ಹೇಳಬ್ಯಾಡ್ರಿ ಮೇಡಂ. ಹದಿನಾಲ್ಕು ವಿಭಾಗ, ಹದಿನಾಲ್ಕು ಸಹಿ. ನೀವೂ ಮಾಡೀರಿ!"

"ಸಾರ್, ಸ್ವಲ್ಪ ಸರಿಯಾಗಿ ನೋಡ್ರಿ" ಅಂದೆ. "ಹದಿನಾಲ್ಕನೇದು ಹಸಿರು ಐತಿ."

ಸಾಹೇಬ್ರು ನೋಡಿದ್ರು. ಚಾಚಾ ಬಗ್ಗಿ ನೋಡಿದ್ರು. ತಾವ ಬರದ ಸರ್ಕ್ಯುಲರು, ತಮ್ಮದ ಬಲೆ, ಅದರ ಕೆಳಗ ತಮ್ಮದ ಅಕ್ಷರ: 'ಸೀನ್, ಅಪ್ರೂವ್ಡ್.'

ಸುದ್ದಿ ಮಧ್ಯಾಹ್ನದೊಳಗ ಹದಿಮೂರು ವಿಭಾಗಕ್ಕೂ ಮುಟ್ಟಿತು. ತಮ್ಮ ರೂಮು ಹೋಗ್ತಾವಂತ ಹದಿಮೂರೂ ಮುಖ್ಯಸ್ಥರು ಓಡಿ ಬಂದು ಚೇಂಬರಿನ್ಯಾಗ ತುಂಬಿಕೊಂಡ್ರು. ಹದಿಮೂರು ಲಾಂಜ್ ಮಾಡಿದ್ರ ಪಾಠ ಗಿಡದ ಬುಡಕ ಮಾಡಬೇಕಾಗ್ತೈತಿ. ಯಾವ ವಿಭಾಗದ ರೂಮೂ ಮುಟ್ಟಂಗಿಲ್ಲ ಅಂತ ಸಾಹೇಬ್ರು ಎಲ್ಲಾರ ಮುಂದ ಬರದು ಕೊಟ್ರು. ನಾ ಆ ಹಾಳಿ ಎರಡು ಸಲ ಓದಿ ಇಸ್ಕೊಂಡೆ.

ಜೂನಿನ್ಯಾಗ ಸೋಫಾ ಬಂದ್ವು. ಸಹಿ ಮಾಡಿದವ್ರಾಗ ಉಳಿದದ್ದು ಒಂದ ರೂಮು, ಡೀನ್ ಚೇಂಬರ್. ಅಲ್ಲೇ ಇಳಿಸಿದ್ರು. ಈಗ ಗಣ್ಯ ಅತಿಥಿಗಳು ಬಂದಾಗ ಸಾಹೇಬ್ರು ತಮ್ಮ ಫೈಲ್ ಎತ್ಕೊಂಡು ಹೊರಗ ವರಾಂಡಾಕ್ಕ ಬರಬೇಕಾಗ್ತೈತಿ. ಮೊನ್ನೆ ಹಂಗ ನಿಂತಿದ್ದು ನೋಡಿ ನನಗ ಕರುಳು ಚುರ್ ಅಂತು. ಹತ್ರ ಹೋಗಿ ಹೇಳಿದೆ, "ಬಿಸಿಲಾಗ ಯಾಕ ನಿಲ್ತೀರಿ ಸಾರ್? ನಮ್ಮ ರೂಮಿಗೆ ಬರ್ರಿ. ಹನ್ನೊಂದ ಮಂದಿ ಹುಡುಗ್ರು, ಜಾಗ ಭಾಳ ಐತಿ."