ಹಗಲು ದೀಪದ ಅತ್ತೆ

ನಡುಹಗಲಿನಲ್ಲಿ ಮನೆ ತುಂಬ ಬಲ್ಬು ಉರಿಸಿ, ಅದರಲ್ಲಿ ಒಂದನ್ನು ಆರಿಸಿದವರ ಜನ್ಮ ಜಾಲಾಡುವ ಹೆಂಗಸು ಇಡೀ ಕೊಪ್ಪ ತಾಲ್ಲೂಕಿನಲ್ಲಿ ಒಬ್ಬರೇ ಇದ್ದರು. ಅವರು ನನ್ನ ಸೋದರತ್ತೆ ಎಂಬುದನ್ನು ಮುಚ್ಚಿಡಲು ನಾನು ಬಹಳ ಶ್ರಮಪಟ್ಟೆ. ನಮ್ಮಿಬ್ಬರ ಮೂಗು ಒಂದೇ ಅಚ್ಚಿನದಾದ್ದರಿಂದ ಸಾಧ್ಯವಾಗಲಿಲ್ಲ!

ಹಾಗೆಂದು ಅವರ ನಡವಳಿಕೆಗೆ ಆಧಾರವಿಲ್ಲದೆ ಇರಲಿಲ್ಲ. ಕಮ್ಮರಡಿಯಿಂದ ಮೇಲಕ್ಕೆ, ಸರ್ಕಾರದ ಕರೆಂಟು ಕಂಬಗಳು ಏದುಸಿರು ಬಿಟ್ಟು ನಿಂತುಬಿಟ್ಟ ಜಾಗದಿಂದಲೂ ಆಚೆಗೆ ಅವರ ಮನೆ. ಹಿಂದಿನ ಕಾನುಕಾಡಿನಿಂದ ಇಳಿಯುವ ಹಳ್ಳದ ನೀರನ್ನು ಪೈಪಿನಲ್ಲಿ ಹಿಡಿದು, ಕೆಳಗೊಂದು ಪುಟ್ಟ ಟರ್ಬೈನ್ ತಿರುಗಿಸಿ, ಅತ್ತೆ ಸ್ವಂತ ಕರೆಂಟು ಮಾಡಿಕೊಂಡಿದ್ದರು. ಹೊಗೆಯಿಲ್ಲ, ಬಿಲ್ಲಿಲ್ಲ, ಯಾರ ಹಂಗೂ ಇಲ್ಲ. ತೊಂದರೆ ಒಂದೇ: ಆ ಯಂತ್ರದ ಮೇಲೆ ಸದಾ ಹೊರೆ ಇರಬೇಕು. ಬಲ್ಬು ಆರಿಸಿದರೆ ಅದು ಹಗ್ಗ ಕಿತ್ತ ಹೋರಿಯಂತೆ ಓಡಿ, ಉಳಿದ ಬಲ್ಬುಗಳನ್ನು ಸುಟ್ಟುಬಿಡುತ್ತಿತ್ತು. ಆದ್ದರಿಂದ ಆ ಮನೆಯ ಸಂವಿಧಾನದ ಮೊದಲ ವಿಧಿ: ಒಂದನ್ನು ಆರಿಸುವವನು ಮೊದಲು ಇನ್ನೊಂದನ್ನು ಹೊತ್ತಿಸತಕ್ಕದ್ದು.

ಬಾಳಗಡಿಯ ನೆಂಟರೊಬ್ಬರಿಗೆ ಇದು ತಿಳಿದಿರಲಿಲ್ಲ. ವಿದ್ಯುತ್ ಉಳಿತಾಯದ ಬಗ್ಗೆ ಭಾಷಣ ಮಾಡುತ್ತಿದ್ದ ಮೇಷ್ಟರು ಅವರು. ಹಗಲು ಉರಿಯುವ ದೀಪಗಳನ್ನು ಕಂಡು ಕರುಳು ಚುರುಕ್ಕೆಂದು, ಒಂದೊಂದಾಗಿ ಆರಿಸುತ್ತ ಬಂದರು. ಕೊನೆಯದು ಅವರ ಬಕ್ಕತಲೆಯ ಮೇಲೆಯೇ ಢಂ ಎಂದಿತು!

"ಉಳಿತಾಯ ಆಯ್ತಲ್ಲ, ಇನ್ನು ಊಟಕ್ಕೆ ಏಳಿ" ಎಂದರು ಅತ್ತೆ.

ಬೇರೆ ಮನೆಗಳಲ್ಲಿ ಕಾಫಿ ಹೇಗಿದೆ ಎಂದು ಕೇಳುವುದುಂಟು. ಅತ್ತೆ ಕೇಳುತ್ತಿದ್ದುದು, "ಬೆಳಕು ಹೇಗಿದೆ?" ಬಂದವರೆಲ್ಲ ಹೊಗಳಲೇಬೇಕು. ಇಂಥ ಜಂಬ ಎಲ್ಲಾದರೂ ಉಂಟೇ?

ಆದರೆ ಅವರ ಕಿವಿಯ ಪಾಂಡಿತ್ಯವನ್ನು ಒಪ್ಪಲೇಬೇಕು. ಒಮ್ಮೆ ಬಲ್ಬುಗಳೆಲ್ಲ ಮಂಕಾದವು. ಅತ್ತೆ ಒಲೆಯ ಮುಂದಿನಿಂದಲೇ ಘೋಷಿಸಿದರು: "ಪೈಪಿನ ಮೂತಿಯಲ್ಲಿ ಏಡಿ ಕೂತಿದೆ ಮಾರಾಯ. ಎಲೆ ಕಟ್ಟಿದ್ರೆ ಸದ್ದು ಬೇರೆ." ಹೋಗಿ ಬಿಚ್ಚಿದರೆ ನಿಜಕ್ಕೂ ಏಡಿ! ಅದನ್ನು ಸಕಲ ಮರ್ಯಾದೆಯೊಂದಿಗೆ ಹಳ್ಳದ ಕೆಳಗೆ ಬಿಟ್ಟು ಬರುವ ಕೆಲಸ ನನ್ನದಾಯಿತು. ಮುಂದಿನ ವಾರ ಬಂದು ಕೂತದ್ದೂ ಅದೇ ಏಡಿಯೆಂದು ನನ್ನ ಬಲವಾದ ಗುಮಾನಿ.

ಹೀಗಿರುವಾಗ ಸರ್ಕಾರಕ್ಕೆ ಅತ್ತೆಯ ಮೇಲೆ ಕನಿಕರ ಹುಟ್ಟಿತು. ಲೈನು ಎಳೆಯುತ್ತೇವೆ ಎಂದು ಇಂಜಿನಿಯರು, ಅಧಿಕಾರಿಗಳು ಬಂದರು. ಕೆಳಮನೆಯ ಗೌಡರಿಗೆ ಟಿವಿಯಲ್ಲಿ ಕ್ರಿಕೆಟ್ ನೋಡುವ ಹಂಬಲ. ಅರ್ಜಿ ಕೊಟ್ಟವರು ಅವರೇ. ಲೈನಿಗೆ ಹತ್ತಿರದ ದಾರಿ ಎಲ್ಲಿ? ಹಳ್ಳ ಹುಟ್ಟುವ ಕಾನಿನ ನೆತ್ತಿಯ ಮೇಲೆ! ಕಡಿಯಬೇಕಾದ ಮರಗಳಿಗೆ ಕೆಂಪು ಬಣ್ಣವೂ ಬಿತ್ತು.

"ರಸ್ತೆ ಬದಿಯಲ್ಲಿ ತನ್ನಿ" ಎಂದರು ಅತ್ತೆ.

"ಸುತ್ತಾಗ್ತದೆ ಅಮ್ಮಾ" ಎಂದರು ಇಂಜಿನಿಯರು.

"ಹಳ್ಳವೂ ಸುತ್ತಿಕೊಂಡೇ ಬರ್ತದೆ. ಅದಕ್ಕಿಲ್ಲದ ಅವಸರ ನಿಮ್ಮ ಕರೆಂಟಿಗೆ ಎಂತಕ್ಕೆ?"

ಅಧಿಕಾರಿಗಳು ಸೊಪ್ಪು ಹಾಕಲಿಲ್ಲ. ಮಾರನೆಯ ದಿನ ಕೊಡಲಿ ಬರುವುದೆಂದು ಗೊತ್ತಾಯಿತು. ಬೆಳಗಾಗುತ್ತಲೇ ಅತ್ತೆ ನನಗೆ ಏಣಿ ಹೊರಿಸಿದರು. ಬಣ್ಣದ ವಾಸನೆ ಹಿಡಿದೇ ಅವರು ಒಂದೊಂದು ಮರ ತೋರಿಸಿದರು. ನಮ್ಮ ವಂಶದ ಮೂಗೆಂದರೆ ಸುಮ್ಮನೆಯೇ! ನಾನು ವೈರು ಎಳೆದು ಮರಮರಕ್ಕೂ ಬಲ್ಬು ಕಟ್ಟಿದೆ.

"ಹತ್ತಿತಾ?"

"ನಿಮ್ಮ ಮುಂದೆಯೇ ಉರೀತಿದೆಯಲ್ಲ ಅತ್ತೆ!"

ಕೊಡಲಿಯವರು ಬಂದರು. ಎಳೆಬಿಸಿಲಿನಲ್ಲಿ ಕಾಡೇ ದೀಪ ಹಚ್ಚಿಕೊಂಡು ನಿಂತಿದೆ. ಕರೆಂಟು ಹರಿಯುವ ಮರಕ್ಕೆ ಕೊಡಲಿ ಹಾಕುವ ಗಂಡಸು ಯಾರು?

"ಆಫ್ ಮಾಡಿ ಅಮ್ಮಾ" ಎಂದು ಇಂಜಿನಿಯರು ಬೇಡಿದರು.

"ಆಫ್ ಮಾಡಿದ್ರೆ ಯಂತ್ರ ಸುಟ್ಟುಹೋಗ್ತದೆ. ಅದರ ಗುಣವೇ ಹಾಗೆ."

"ಹಾಗಾದ್ರೆ ನೀರನ್ನೇ ನಿಲ್ಸಿ!"

"ಅದು ಸುಲಭ. ಈ ಮರಗಳನ್ನು ಕಡೀರಿ, ನೀರು ತಾನಾಗಿ ನಿಲ್ತದೆ."

ಮರ ಕಡಿಯದೆ ನೀರು ನಿಲ್ಲದು, ನೀರು ನಿಲ್ಲದೆ ಕರೆಂಟು ಹೋಗದು, ಕರೆಂಟು ಹೋಗದೆ ಮರ ಕಡಿಯುವಂತಿಲ್ಲ! ಇಂಜಿನಿಯರು ಇದನ್ನು ಮನಸ್ಸಿನಲ್ಲೇ ಮೂರು ಸುತ್ತು ಸುತ್ತಿ, ತಲೆ ತಿರುಗಿ, ಅತ್ತೆಯ ಕೈಯಿಂದಲೇ ಮಜ್ಜಿಗೆ ಕುಡಿದು ಇಳಿದುಹೋದರು. ಬಲ್ಬುಗಳು ವಾರಗಟ್ಟಲೆ ಮರದಿಂದ ಇಳಿಯಲಿಲ್ಲ. ಕೊನೆಗೆ ಲೈನು ರಸ್ತೆ ಬದಿಯಲ್ಲೇ ಬಂತು. ಕ್ರಿಕೆಟ್ ತಡವಾಯಿತೆಂದು ಗೌಡರು ಅತ್ತೆಯೊಡನೆ ಮಾತು ಬಿಟ್ಟರು.

ಮುಂದಿನ ಮಳೆಗಾಲದ ಮೊದಲ ಗಾಳಿಗೆ ಆ ಲೈನು ಸಾಷ್ಟಾಂಗ ಮಲಗಿತು. ನಾನು ಹೋದಾಗ ಗೌಡರು ಅತ್ತೆಯ ಜಗಲಿಯಲ್ಲಿ, ಮೊಬೈಲ್ ಚಾರ್ಜಿಗೆ ಹಾಕಿ, ಗೋಡೆ ನೋಡುತ್ತ ಕೂತಿದ್ದರು.

"ಬೆಳಕು ಹೇಗಿದೆ?" ಎಂದರು ಅತ್ತೆ.

ಬಲ್ಬು ಕೆಂಪು ದಾರದಂತಿತ್ತು. "ಭಾಳ ಚೆನ್ನಾಗಿದೆ" ಎಂದೆ.

"ಸುಳ್ಳು ಹೇಳ್ಬೇಡ. ಪೈಪಿನ ಬಾಯಿಯ ಜಾಲರಿಗೆ ಎಲೆ ಕಟ್ಟಿದೆ, ಸದ್ದು ಹೇಳ್ತಿದೆ" ಎಂದು ಎದ್ದರು. ಎದುರಿಗೇ ಇದ್ದ ಕಂಬವನ್ನು ಅವರ ಕೈ ಗಾಳಿಯಲ್ಲಿ ಹುಡುಕಿತು.

"ಅತ್ತೆ, ನಿಮಗೆ ಬಲ್ಬು ಕಾಣ್ತಿಲ್ವಾ?"

"ಪೊರೆ ಬಂದಿದೆ. ಎಲ್ಲ ಹೊಗೆ ಹೊಗೆ. ಅದಕ್ಕೇ ಅಲ್ವಾ ಬಂದವರನ್ನ ಕೇಳೋದು?"

"ಆಪರೇಷನ್ ಮಾಡಿಸ್ಬಾರದಾ?"

"ಮಾಡಿಸಿದ್ರೆ ನೀರಿಗೆ ಇಳೀಬಾರದಂತೆ. ಜಾಲರಿ ಯಾರು ಬಿಡಿಸ್ತಾರೆ? ಆ ಇಂಜಿನಿಯರಾ?"

ಗೌಡರು ಎದ್ದು ಪಂಚೆ ಎತ್ತಿ ಕಟ್ಟಿದರು. "ನಾನು ಬಿಡಿಸ್ತೀನಿ. ನೀವು ಹೋಗಿ ಕಣ್ಣು ಸರಿ ಮಾಡಿಸ್ಕಂಡು ಬನ್ನಿ."

ಅತ್ತೆ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಏಡಿ ಸಿಕ್ಕಿದ್ರೆ ಕೊಲ್ಬೇಡಿ ಗೌಡ್ರೇ. ಕೆಳಗೆ ಬಿಡಿ."

"ಗೊತ್ತು ಮಾರಾಯ್ರೇ" ಎನ್ನುತ್ತ ಗೌಡರು ಹಳ್ಳದ ಕಡೆ ಹೋದರು.

ಸ್ವಲ್ಪ ಹೊತ್ತಿಗೆ ಬಲ್ಬು ಕಣ್ಣು ಬಿಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅದರತ್ತ ಮುಖವೆತ್ತಿ ಕೇಳಿದರು:

"ಹ್ಞಾಂ, ಈಗ ಹೇಳು. ಹೇಗಿದೆ?"