ಭಾವನ ಕಂದಾಯ, ಅಕ್ಕನ ಕಿಟಕಿ

ತೆರಿಗೆ ಕಟ್ಟುವಾಗ ಶಿಳ್ಳೆ ಹಾಕುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ಸಿಂಗಸಂದ್ರಕ್ಕೆ ಬನ್ನಿ, ನಮ್ಮ ಭಾವನನ್ನು ತೋರಿಸುತ್ತೇನೆ. ಅಕ್ಕನ ಗಂಡ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಕ್ರೆಡಿಟ್ ಕಾರ್ಡ್. ಎರಡರಲ್ಲಿ ಒಂದು ಇಲ್ಲದಿದ್ದರೂ ಹೊಸ್ತಿಲು ದಾಟುವವರಲ್ಲ!

ವಿಷಯ ಇಷ್ಟೇ. ಆ ಕಾರ್ಡಿನಲ್ಲಿ ಮನೆ ಕಂದಾಯ ಕಟ್ಟಿದರೆ ಪಾಯಿಂಟ್ಸ್ ಬರುತ್ತವೆ. ಪಾಯಿಂಟ್ಸ್ ಸಾಕಷ್ಟು ಸೇರಿದರೆ ವಿಮಾನದ ಎರಡು ಟಿಕೆಟ್ ಸಿಗುತ್ತವೆ. ಅಕ್ಕ ಇನ್ನೂ ವಿಮಾನ ಹತ್ತಿಲ್ಲ. ಮೋಡವನ್ನು ಮೇಲಿನಿಂದ ನೋಡಬೇಕೆನ್ನುವುದು ಅವಳ ಬಹಳ ದಿನದ ಆಸೆ. ಎಲ್ಲಿಗೆ ಹೋಗಬೇಕು ಎಂದು ಕೇಳಿದರೆ, ಮೋಡ ನೋಡಿದ ಮೇಲೆ ಎಲ್ಲಿ ಇಳಿಸಿದರೂ ಪರವಾಗಿಲ್ಲ ಎನ್ನುತ್ತಾಳೆ.

ತಮ್ಮ ಒಂದು ಫ್ಲಾಟಿನ ಕಂದಾಯ ಯಾವ ಮೂಲೆಗೆ ಸಾಕು? ಭಾವ ಕಂಡವರ ಕಂದಾಯಕ್ಕೆಲ್ಲ ಕೈಹಾಕಿದರು. ಏಪ್ರಿಲ್ ಬಂತೆಂದರೆ ಲಿಫ್ಟಿನ ಬಳಿ ನಿಂತು, ತಿಂಡಿ ಆಯಿತೇ ಎಂದು ಕೇಳುವಷ್ಟೇ ಸಲೀಸಾಗಿ, ಕಂದಾಯ ಆಯಿತೇ ಎಂದು ಕೇಳುತ್ತಾರೆ. ಇಲ್ಲ ಎಂದವರದ್ದನ್ನು ತಮ್ಮ ಕಾರ್ಡಿನಲ್ಲಿ ಕಟ್ಟಿ, ಆಮೇಲೆ ಅವರಿಂದ ಹಣ ಪಡೆಯುತ್ತಾರೆ. ಕಾರ್ಡ್ ಬಳಸಿದ್ದಕ್ಕೆ ಬೀಳುವ ಶುಲ್ಕ ಮಾತ್ರ ಇವರ ತಲೆಯ ಮೇಲೆ!

ನಾಗಸಂದ್ರದ ಒಂದು ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲೇ ಯಜಮಾನರನ್ನು ಕರೆದು, ಹೊಸ ಮನೆಯ ಕಂದಾಯದ ವಿಚಾರ ಏನು ಮಾಡಿದಿರಿ ಎಂದು ವಿಚಾರಿಸಿದರು. ಪಾಪ, ಆತ ಇವರನ್ನು ಪಾಲಿಕೆಯ ಅಧಿಕಾರಿ ಎಂದುಕೊಂಡು, ಬೆವರುತ್ತಲೇ ಇನ್ನೆರಡು ಹೋಳಿಗೆ ಬಡಿಸಿ ತುಪ್ಪ ಸುರಿದರು. ಭಾವ ಹೋಳಿಗೆಯನ್ನೂ ತಿಂದು ಕಂದಾಯವನ್ನೂ ಕಟ್ಟಿ ಬಂದರು.

ರಾಜಗೋಪಾಲನಗರದಲ್ಲಿ ನನ್ನದೂ ಒಂದು ಪುಟ್ಟ ಮನೆ ಇದೆ. ಪ್ರತಿ ವರ್ಷ ಭಾವ ಕೇಳುತ್ತಾರೆ. ಪ್ರತಿ ವರ್ಷ ನಾನು, ಇದೆಂಥ ಹುಚ್ಚು ಎಂದು ನಕ್ಕು, ನನ್ನದನ್ನು ನಾನೇ ಕಟ್ಟುತ್ತೇನೆ.

ಸಂಜೆ ಅವರ ತಾರಸಿ ನೋಡಬೇಕು. ನೀರಿನ ಟ್ಯಾಂಕುಗಳ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ. ಮೋಟುಗೋಡೆಯ ಪಕ್ಕದ್ದು ಅಕ್ಕನ ಕಿಟಕಿ ಸೀಟು. ಮೇಲೆ ವಿಮಾನ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಾರೆ. ಮೋಡದೊಳಗೆ ಹೊಕ್ಕಾಗ ಕತ್ತಲಾಗುತ್ತದೋ ಬೆಳ್ಳಗಾಗುತ್ತದೋ ಎಂದು ಅಕ್ಕ ಮೆಲ್ಲಗೆ ಕೇಳುತ್ತಾಳೆ. ತಾವೂ ವಿಮಾನ ಹತ್ತದ ಭಾವ, ಮೊದಲು ಹಾಲಿನ ಹಾಗೆ ಬೆಳ್ಳಗಾಗಿ ಆಮೇಲೆ ಬಿಸಿಲು ಬರುತ್ತದೆ ಎಂದು ಪೈಲಟ್ಟಿನ ಗತ್ತಿನಲ್ಲಿ ಹೇಳುತ್ತಾರೆ. ಗೇಲಿ ಮಾಡಲೆಂದು ಪಕ್ಕದಲ್ಲಿ ನೆಲದ ಮೇಲೆ ಕೂತ ನನಗೂ ಒಮ್ಮೊಮ್ಮೆ ಕಣ್ಣಿಗೆ ಮಂಪರು ಹತ್ತಿ, ಹೊಸೂರು ರಸ್ತೆಯ ಹಾರ್ನುಗಳೆಲ್ಲ ಕೆಳಗೆಲ್ಲೋ ಉಳಿದು, ಇಡೀ ತಾರಸಿಯೇ ನಮ್ಮನ್ನು ಹೊತ್ತು ತೇಲಿದಂತಾಗುತ್ತದೆ.

ಈ ಏಪ್ರಿಲ್‌ನಲ್ಲಿ ಸ್ವಲ್ಪವೇ ಪಾಯಿಂಟ್ಸ್ ಕಡಿಮೆ ಬಿದ್ದಿದ್ದವು. ಒಂದು ಮನೆಯ ಕಂದಾಯ ಸಿಕ್ಕರೆ ಸಾಕಿತ್ತು. ಅಕ್ಕ ತಾರಸಿಯ ಆ ತುದಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನು ಸುಮ್ಮನಿರಲಾರದೆ, ಇಷ್ಟು ವರ್ಷ ಕಟ್ಟಿದ ಶುಲ್ಕದಲ್ಲಿ ನೇರವಾಗಿ ಟಿಕೆಟ್ಟೇ ಕೊಳ್ಳಬಹುದಿತ್ತಲ್ಲ ಭಾವ ಎಂದುಬಿಟ್ಟೆ.

“ಮೆತ್ತಗೆ ಮಾತಾಡೋ. ನಂಗೆ ಗೊತ್ತಿಲ್ವಾ? ಮೂರು ಸಲ ಟಿಕೆಟ್‌ಗೆ ಅಂತ ದುಡ್ಡು ಎತ್ತಿಟ್ಟೆ. ಒಂದ್ಸಲ ಗ್ರೈಂಡರ್ ಬಂತು. ಒಂದ್ಸಲ ಮಗಳ ಕನ್ನಡಕ. ಒಂದ್ಸಲ ನಿನ್ನ ಡಿಪ್ಲೊಮಾ ಫೀಸು. ಕೈಲಿ ದುಡ್ಡಿದ್ರೆ ನಿಮ್ಮಕ್ಕ ಇನ್ಯಾರಿಗೋ ಖರ್ಚು ಮಾಡ್ತಾಳೆ ಕಣೋ. ಈ ಪಾಯಿಂಟ್ಸಲ್ಲಿ ಫೀಸ್ ಕಟ್ಟಕ್ಕಾಗಲ್ಲ.”

ನನ್ನ ಡಿಪ್ಲೊಮಾ ಫೀಸು! ಅದೇ ಓದಿನಿಂದ ಪೀಣ್ಯದಲ್ಲಿ ಕೆಲಸ ಹಿಡಿದೆ, ಆ ಕೆಲಸದಿಂದ ಮನೆ ಕಟ್ಟಿದೆ, ಆ ಮನೆಯ ಕಂದಾಯವನ್ನು ಇವರಿಗೆ ಕೊಡದೆ ನಕ್ಕಿದ್ದೆ. ನಾಚಿಕೆಯಾಯಿತು. ಮೊಬೈಲ್ ತೆಗೆದು ನನ್ನ ಮನೆಯ ಕಂದಾಯದ ನಂಬರ್ ಓದಿ ಹೇಳಿದೆ. ಭಾವ ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಒತ್ತಿದರು. ಆಮೇಲೆ ಶಿಳ್ಳೆ ಕೇಳಿಸಿತು.

ಅಕ್ಕ ಬಟ್ಟೆ ಹೊತ್ತು ಬಂದಳು. “ಟಿಕೆಟ್ ಪೂರ್ತಿ ಫ್ರೀನೇನೋ? ನಮ್ಮ ಕೈಯಿಂದ ಏನೂ ಹೋಗಲ್ಲ ತಾನೆ?”

“ಒಂದು ಪೈಸೆನೂ ಇಲ್ಲ ಅಕ್ಕ,” ಎಂದೆ.

ಅವಳು ಬಟ್ಟೆಯನ್ನೆಲ್ಲ ನನ್ನ ಮಡಿಲಿಗೆ ಹಾಕಿ, ಹೋಗಿ ತನ್ನ ಕಿಟಕಿ ಸೀಟಿನಲ್ಲಿ ಕೂತಳು.