ಆರು ಸಂಕಲನ, ಒಬ್ಬ ಮಾಮಾ

ನಮ್ಮ ಮಾಮಾ ಜೀವನದಲ್ಲಿ ಬೇಗ ನಿರ್ಧಾರ ಮಾಡಿದ್ದು ಒಂದೇ ಸಲ, ಮದುವೆಗೆ ಹೆಣ್ಣು ಒಪ್ಪುವಾಗ. ಅದೂ ಒಪ್ಪಿದ್ದು ಅವರ ಅಪ್ಪ! ಇದು ನನ್ನ ಮಾತಲ್ಲ, ಬೀದರಿನ ಚಿದ್ರಿಯಲ್ಲಿರುವ ಮನೆಗೆ ಬಂದವರಿಗೆಲ್ಲ ಅತ್ತೆ ಚಹದ ಜೊತೆ ಕೊಡುವ ಮಾಹಿತಿ. ಕಲ್ಲಂಗಡಿ ತರಲು ಹೋದರೆ ಗಾಡಿಯ ಹಣ್ಣನ್ನೆಲ್ಲ ತಟ್ಟಿ, ಬಗ್ಗಿ ಕಿವಿಗೊಟ್ಟು ಕೇಳಿ, ಕೊನೆಗೆ ಸೌತೆಕಾಯಿ ಹಿಡಿದು ಬರುವ ಮನುಷ್ಯ. ಅಂಥವರ ಕೊರಳಿಗೆ ಒಂದು ಆಯ್ಕೆ ಬಿತ್ತು. ಅದಕ್ಕೊಂದು ಗಡುವೂ ಇತ್ತು.

ಆರಿಸಬೇಕಾಗಿದ್ದು ಒಂದು ಇಂಗ್ಲಿಷ್ ಬ್ಯಾಂಡಿನ ಸಿ.ಡಿ. ಬೀದರಿನ ನಿವೃತ್ತ ಡ್ರಾಯಿಂಗ್ ಮಾಸ್ತರರಿಗೂ ಪ್ರೋಗ್ರೆಸಿವ್ ರಾಕ್ ಎಂಬ ಉದ್ದುದ್ದ ಗಿಟಾರ್ ಹಾಡುಗಳಿಗೂ ಎತ್ತಣ ಸಂಬಂಧ ಅಂತೀರಾ? ಮಾಮಾ ಭಾಲ್ಕಿಯ ಶಾಲೆಯಲ್ಲಿ ಮಾಸ್ತರರಾಗಿದ್ದಾಗ ಅಲ್ಲೊಬ್ಬ ಭಾಯ್ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದರು. ಕ್ಯಾಸೆಟ್ ಕೊಟ್ಟು ಹೋದರೆ ಸಂಜೆಗೆ ಹಾಡು ತುಂಬಿಸಿ ಕೊಡುವುದು ಅವರ ಕೆಲಸ. ಯಾರೋ ಹೈದರಾಬಾದಿನಿಂದ ತಂದಿದ್ದ ಈ ಬ್ಯಾಂಡಿನ ಕ್ಯಾಸೆಟ್ಟು ಒಂದು ದಿನದ ಮಟ್ಟಿಗೆ ಕೈಗೆ ಸಿಕ್ಕಾಗ ಭಾಯ್ ಅದನ್ನು ಅಂಗಡಿಯ ಹಳೆಯ ಕ್ಯಾಸೆಟ್ಟಿನ ಒಂದು ಬದಿಗೆ ತುಂಬಿಸಿ ಮಾಮಾನಿಗೆ ಕೊಟ್ಟರು. ಕೊನೆಯ ಹಾಡು ಇಪ್ಪತ್ಮೂರು ನಿಮಿಷದ್ದು. ಹದಿನಾಲ್ಕನೇ ನಿಮಿಷಕ್ಕೇ ಟೇಪು ಮುಗಿದು ಗಿಟಾರು ಖಟ್ ಎಂದು ನಿಂತಿತು! ಇನ್ನೊಂದು ಬದಿಯಲ್ಲಿ ಮೊದಲೇ ಕವ್ವಾಲಿ ಇತ್ತು. ಗಿಟಾರು ನಿಂತ ಮೇಲೆ ಕ್ಯಾಸೆಟ್ ತಿರುವಿ ಹಾಕಿದರೆ ಕವ್ವಾಲಿ ಶುರುವಾಗುವುದೇ ಆ ಬ್ಯಾಂಡಿನ ಹೊಸತನವೆಂದು ಮಾಮಾ ವರ್ಷಗಟ್ಟಲೆ ತಲೆದೂಗಿದರು. ಅಷ್ಟು ಮೆಚ್ಚಿದವರಿಗೆ ನಿಜ ಹೇಳಲು ಭಾಯ್‌ಗೆ ಬಾಯಿ ಬರಲಿಲ್ಲ. ಅಂಗಡಿಯ ಗಿರಾಕಿಗಳ ಗದ್ದಲದಲ್ಲಿ ಹಾಡಿನ ಉಳಿದ ಭಾಗವನ್ನು ಅವರೂ ಕೇಳಿರಲಿಲ್ಲ.

ಭಾಯ್ ಈಗ ಔರಾದದಲ್ಲಿದ್ದಾರೆ. ಒಂದು ಕಿವಿ ಹೋಗಿದೆ. ಇನ್ನೊಂದರೊಳಗೆ ಗಡ್ಡೆ. ಸೋಮವಾರ ಹೈದರಾಬಾದಿನಲ್ಲಿ ಆಪರೇಷನ್, ಆಮೇಲೆ ಕೇಳಿಸುತ್ತದೋ ಇಲ್ಲವೋ ಡಾಕ್ಟರೂ ಹೇಳಲಾರರು. ಆಗ ಭಾಯ್ ಫೋನಿನಲ್ಲಿ ಎಲ್ಲ ಒಪ್ಪಿಕೊಂಡರು. "ಮಾಸ್ತರ್, ಆ ಹಾಡು ಮುಂದ ಇನ್ನೂ ಅದ. ನಾನೇ ಕಟ್ ಮಾಡೀನಿ, ಮಾಫ್ ಮಾಡ್ರಿ. ಅವರ ಒಂದೇ ಸಿ.ಡಿ. ತರ್ರಿ, ಛಲೋ ಛಲೋ ಹಾಡೆಲ್ಲಾ ಇರೋದು. ಸೋಮವಾರಕ್ಕಿಂತ ಮದ್ಲ ಕೇಳ್ತೀನಿ."

"ಮೊಬೈಲ್‌ನ್ಯಾಗ ಹಚ್ಚಿದ್ರ ಆತಲ್ಲ ಮಾಮಾ?" ಎಂದೆ.

"ಅದು ಸೊಳ್ಳಿ ಗುಂಯ್ ಅಂದಂಗ ಅಂತದ. ಇರೋದೊಂದು ಕಿವಿ, ಅದರಾಗ ಸೊಳ್ಳಿ ಬಿಡಲೇನು?"

ಸರಿ, ಹುಡುಕಿದೆ. ಐವತ್ತು ವರ್ಷ ದಾಟಿದ ಬ್ಯಾಂಡು, ಆಯ್ದ ಹಾಡುಗಳ ಆರು ಸಂಕಲನ! ಮೊದಲನೆಯದರಲ್ಲಿ ಆ ಉದ್ದ ಹಾಡು ನಾಲ್ಕೇ ನಿಮಿಷ. "ಇದೇನು ಹಾಡೋ, ಹಾಡಿನ ಪಾಸ್‌ಪೋರ್ಟ್ ಫೋಟೋನೋ?" ಎಂದರು ಮಾಮಾ. ಎರಡನೆಯದರಲ್ಲಿ ಹಳೆಯ ಹಾಡುಗಾರ ಇಲ್ಲ. ಮೂರನೆಯದು ಸಂಗೀತ ಕಚೇರಿಯಲ್ಲಿ ರೆಕಾರ್ಡ್ ಮಾಡಿದ್ದು, "ಭಾಯ್‌ಗೆ ಹಾಡು ಬೇಕಾಗ್ಯದ, ಮಂದಿ ಚಪ್ಪಾಳಿ ಅಲ್ಲ." ನಾಲ್ಕನೆಯದರಲ್ಲಿ ಆ ಹಾಡೇ ಇಲ್ಲ. ಐದು ಮತ್ತು ಆರರಲ್ಲಿ ಹಾಡು ಪೂರ್ತಿ ಇದೆ. ಒಂದರಲ್ಲಿ ಉಳಿದವು ಒಳ್ಳೆಯವು, ಇನ್ನೊಂದರಲ್ಲಿ ಇನ್ನೂ ಒಳ್ಳೆಯವು! ಮಾಮಾನಿಗೆ ಊಟ ಸೇರದಾಯಿತು. ಮಂಗಳವಾರ ಬಂತು, ಅಂದೇ ಆರ್ಡರ್ ಮಾಡದಿದ್ದರೆ ಶನಿವಾರಕ್ಕೆ ಬರುವುದಿಲ್ಲ. ಅವರಿನ್ನೂ ಜಗಲಿಯಲ್ಲಿ ಅತ್ತಿತ್ತ ತಿರುಗುತ್ತಿದ್ದಾರೆ.

"ಚೀಟಿ ಎತ್ರಿ, ಮುಗೀತದ," ಎಂದರು ಅತ್ತೆ. ಎತ್ತಿದರು. ಐದು ಬಂತು. ಚೀಟಿ ಸರಿಯಾಗಿ ಮಡಚಿರಲಿಲ್ಲವೆಂದು ಮತ್ತೆ ಎತ್ತಿದರು. ಆರು ಬಂತು. "ಈಗ ಸಮ ಆತು. ಹ್ಯಾಂಗ ಮಾಡಬೇಕು?" ಎಂದು ನನ್ನ ಮುಖ ನೋಡಿದರು. ಅವರ ಕಣ್ಣು ನೋಡಿ ನನಗೆ ನಗು ಬರಲಿಲ್ಲ. ಕಣ್ಣು ಮುಚ್ಚಿ ಮೊಬೈಲಿನಲ್ಲಿ ಐದನೆಯದನ್ನು ಒತ್ತಿಬಿಟ್ಟೆ. ಅಲ್ಲಿಂದ ಶನಿವಾರ ಸಿ.ಡಿ. ಬರುವವರೆಗೆ ಗೇಟು ಸಪ್ಪಳವಾದರೆ ಸಾಕು, ಮಾಮಾ ಬರಿಗಾಲಲ್ಲಿ ಓಡುತ್ತಿದ್ದರು. ಒಮ್ಮೆ ಹಾಲಿನವ ಹೆದರಿ ಹಿಂದಕ್ಕೆ ಸರಿದ!

ಭಾನುವಾರ ಇಬ್ಬರೂ ಔರಾದದ ಬಸ್ ಹತ್ತಿದೆವು. ಮಾಮಾನ ತೊಡೆಯ ಮೇಲೆ ಶಾಲು ಸುತ್ತಿದ ಸಿ.ಡಿ. ಪ್ಲೇಯರ್. "ಯಜಮಾನ್ರೇ, ಕೂಸಿಗೆ ಹುಷಾರಿಲ್ಲೇನ್ರಿ?" ಎಂದ ಕಂಡಕ್ಟರ್. "ಹ್ಞೂಂನ್ರಿ, ಗುಂಡಿ ಬಂದ್ರ ಸಾವಕಾಶ ಹೋಗು ಅಂತ ಹೇಳ್ರಿ," ಎಂದರು ಮಾಮಾ ಗಂಭೀರವಾಗಿ. ಡ್ರೈವರ್ ನಿಜವಾಗಿಯೂ ಸಾವಕಾಶ ಓಡಿಸಿದ.

ಭಾಯ್ ಮಂಚದ ಮೇಲೆ ಕೂತಿದ್ದರು, ಪಕ್ಕದಲ್ಲಿ ಕಟ್ಟಿಟ್ಟ ಚೀಲ. ಕೇಳಿಸುವ ಕಿವಿಯನ್ನು ಸ್ಪೀಕರಿಗೆ ಹಚ್ಚಿದರು. ಮಾಮಾ ನೇರವಾಗಿ ಆ ಹಾಡನ್ನೇ ಹಾಕಿದರು. ಇಬ್ಬರೂ ಕಣ್ಣು ಮುಚ್ಚಿ ಕೂತರು. ನಾನು ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷ. ಹನ್ನೆರಡು. ಗಿಟಾರು ಏರತೊಡಗಿತು. ಹದಿನಾಲ್ಕಾಗುತ್ತಲೇ ಮಾಮಾ ಕೈ ಚಾಚಿ ಬಂದ್ ಮಾಡಿಬಿಟ್ಟರು!

"ಯಾಕ್ರಿ ಮಾಸ್ತರ್? ಮುಂದ ಅದ ಅಲ್ಲ!"

"ಅದ. ಒಂಬತ್ತು ನಿಮಿಷ ಅದ. ನೀವು ಹೈದರಾಬಾದಕ್ಕ ಹೋಗಿ ಬರ್ರಿ. ಬಂದ ಮ್ಯಾಲ ಇಬ್ರೂ ಕೂಡಿ ಕೇಳಮು."

ಕಿವಿ ಉಳಿಯದಿದ್ದರೆ? ಇದೆಂಥ ಹುಚ್ಚು ಮನುಷ್ಯ! ಬೈಯಬೇಕೆಂದು ಬಾಯಿ ತೆರೆದೆ. ಆದರೆ ಭಾಯ್ ಸಿ.ಡಿ.ಯನ್ನು ತಾವೇ ಹೊರತೆಗೆದು ಮಾಮಾನ ಅಂಗಿಯ ಜೇಬಿಗಿಟ್ಟು ಮೇಲಿಂದ ಎರಡು ಸಲ ತಟ್ಟಿದರು. "ನೀವು ಒಬ್ರೇ ಕೇಳಬ್ಯಾಡ್ರಿ ಮತ್ತ," ಎಂದರು.

ಮಾಮಾ "ಇಲ್ರಿ" ಎಂದರು. ಅಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.